ನದೀಮೂಲ, ಋಷಿಮೂಲ ಮತ್ತು ದೊರೆಯ ಮೂಲ

ನದೀಮೂಲ, ಋಷಿಮೂಲ, ಸ್ತ್ರೀಮೂಲಗಳನ್ನು ಹುಡುಕಬಾರದೆಂಬುದು ನಮ್ಮ ಹಿರಿಯರ ಮಾತು. ನದೀಮೂಲದ ಮಟ್ಟಿಗೆ ನಮ್ಮ ಸೀಮೆಯವರು ಈ ಮಾತನ್ನು ಪಾಲಿಸಿದವರಲ್ಲ. ಜಯಮಂಗಲಿಯು ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟಿ, ಕೊರಟಗೆರೆ ಮತ್ತು ಮಧುಗಿರಿ ಸೀಮೆಗಳನ್ನು ಹಾದು, ಉತ್ತರ ಪಿನಾಕಿನಿಯನ್ನು ಸೇರುತ್ತದೆಂದು ಶಾಲೆಯ ಮಕ್ಕಳೂ ಹೇಳಬಲ್ಲರು. ಕಷ್ಟವಿರುವುದು ಮನುಷ್ಯರ ಮೂಲದಲ್ಲಿ. ಅದರಲ್ಲಿಯೂ "ನಮ್ಮ ಮುತ್ತಾತನ ತಂದೆ ಒಬ್ಬ ಇಂಗ್ಲಿಷ್ ದೊರೆಯಂತೆ ಸ್ವಾಮಿ, ಅವರ ಹೆಸರು ಎಲ್ಲಿ ಸಿಕ್ಕೀತು?" ಎಂದು ಕೇಳಿಕೊಂಡು ಬರುವ ಕುಟುಂಬಗಳಿಗೆ ಉತ್ತರ ಕೊಡುವುದು ಅಷ್ಟು ಸುಲಭವಲ್ಲ.

ಇಂತಹ ವಿಚಾರಣೆಗಳು ಎರಡು ಕಡೆಯಿಂದ ಬರುತ್ತವೆ. 1947ರ ನಂತರ ಇಂಗ್ಲೆಂಡ್, ಆಸ್ಟ್ರೇಲಿಯ, ಕೆನಡಗಳಿಗೆ ವಲಸೆ ಹೋದ ಆಂಗ್ಲೋ-ಇಂಡಿಯನ್ ಕುಟುಂಬಗಳ ಮೊಮ್ಮಕ್ಕಳು ದೂರದಿಂದ ಬರೆಯುತ್ತಾರೆ. ಇಲ್ಲಿಯೇ ಉಳಿದು, ಮನೆಯಲ್ಲಿ ಕನ್ನಡವನ್ನೋ ತಮಿಳನ್ನೋ ತೆಲುಗನ್ನೋ ಆಡುತ್ತ, ಹೆಸರಿನ ತುದಿಯಲ್ಲಿ ಮಾತ್ರ ಪರದೇಶದ ಉಪನಾಮವೊಂದನ್ನು ಉಳಿಸಿಕೊಂಡಿರುವವರು ನೇರವಾಗಿ ಗುರುಗಳ ಮನೆಯ ಬಾಗಿಲಿಗೆ ಬರುತ್ತಾರೆ. ಇವರೆಲ್ಲರೂ ಕೇಳುವುದು ದೊರೆಯ ಹೆಸರನ್ನು, ದೊರೆಯ ಊರನ್ನು, ದೊರೆಯ ಹುದ್ದೆಯನ್ನು. ಆ ದೊರೆಯ ಮಕ್ಕಳನ್ನು ಹೆತ್ತ ತಾಯಿಯ ಹೆಸರನ್ನು ಮೊದಲು ಕೇಳಿದವರನ್ನು ನಾವು ಇದುವರೆಗೆ ಕಂಡಿಲ್ಲ. ಈ ವಾರ ನಾವು ಬರೆಯಬೇಕೆಂದಿರುವುದು ಇದರ ಕುರಿತಾಗಿಯೇ.

ಮೊದಲು ಈ ಭಾಗಕ್ಕೆ ಬಿಳಿಯರು ಬಂದ ಬಗೆಯನ್ನು ತಿಳಿಯಬೇಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಬೆಂಗಳೂರಿನಂತೆ ದಂಡುಪ್ರದೇಶವಿರಲಿಲ್ಲ. ಕೋಲಾರದಂತೆ ಚಿನ್ನದ ಗಣಿ ಇರಲಿಲ್ಲ. ಚಿಕ್ಕಮಗಳೂರಿನಂತೆ ಕಾಫಿ ತೋಟಗಳಿರಲಿಲ್ಲ. ಬ್ರಿಟಿಷರ ಕಾಲದಲ್ಲಿ ರೈಲು ಕೂಡ ಈ ನಾಲ್ಕು ಊರುಗಳನ್ನು ಮುಟ್ಟಲಿಲ್ಲ. ಆದುದರಿಂದ ಇಲ್ಲಿಗೆ ಬಂದವರಲ್ಲಿ ಬಹುಪಾಲು ಹಾದುಹೋದವರೇ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕೋಲಾರದಿಂದ ಹೊರಟು ಮಧುಗಿರಿಯ ಮೂಲಕ ಶಿರಾಕ್ಕೆ ಬಂದು, ಬೆಳೆ, ದನಕರು, ಕೆರೆಕುಂಟೆಗಳ ವಿಚಾರವನ್ನೆಲ್ಲ ಬರೆದುಕೊಂಡು ಹೋದ. ಅವನ ಹಿಂದೆಯೇ ವಿಲಿಯಂ ಲ್ಯಾಂಬ್ಟನ್ ಬಂದ. ಶ್ರೀರಂಗಪಟ್ಟಣದ 1799ರ ಯುದ್ಧದಲ್ಲಿದ್ದ ಈ ಯಾರ್ಕ್‌ಷೈರಿನ ಸೈನಿಕ 1802ರಲ್ಲಿ ಮದ್ರಾಸಿನಿಂದ ಭಾರತದ ಮಹಾ ಭೂಮಾಪನವನ್ನು ಆರಂಭಿಸಿದನು. ಕನ್ಯಾಕುಮಾರಿಯ ಬಳಿಯಿಂದ ಉತ್ತರಕ್ಕೆ ಎಳೆದ ಅವನ ಮಹಾರೇಖೆಯಲ್ಲಿ, ನಕ್ಷತ್ರಗಳನ್ನು ನೋಡಿ ಅಕ್ಷಾಂಶವನ್ನು ನಿರ್ಣಯಿಸಿದ ಕೆಲವೇ ಠಾಣೆಗಳಲ್ಲಿ ನಮ್ಮ ಪಾವಗಡವೂ ಒಂದು. ಅವನ ಬರಹಗಳಲ್ಲಿ ಅದು 'ಪಾಘರ್' ಆಗಿದೆ. ಭೂಮಿಯ ಆಕಾರವನ್ನು ಅಳೆಯುವ ಲೆಕ್ಕದಲ್ಲಿ ನಮ್ಮ ಬೆಟ್ಟದ ಹೆಸರೂ ಸೇರಿಕೊಂಡಿದೆಯೆಂಬುದು ಪಾವಗಡದ ಎಷ್ಟು ಮಂದಿಗೆ ಗೊತ್ತೋ!

1831ರಿಂದ 1881ರವರೆಗೆ ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದಾಗ ನಮ್ಮ ತಾಲ್ಲೂಕುಗಳು ಮೊದಲಿಗೆ ಚಿತ್ರದುರ್ಗ ವಿಭಾಗಕ್ಕೆ ಸೇರಿದ್ದವು. ಆ ವಿಭಾಗವನ್ನು ದೀರ್ಘಕಾಲ ನೋಡಿಕೊಂಡ ಸೂಪರಿಂಟೆಂಡೆಂಟ್ ರಿಚರ್ಡ್ ಸ್ಟೂವರ್ಟ್ ಡಾಬ್ಸ್‌ನ ಹೆಸರೇ ಬೆಂಗಳೂರು-ತುಮಕೂರು ಹೆದ್ದಾರಿಯ ದಾಬಸ್‌ಪೇಟೆಯಲ್ಲಿ ಉಳಿದಿರುವುದು. ಇನ್ನು ಬಿ.ಎಲ್. ರೈಸ್. ಅವರು ಹುಟ್ಟಿದ್ದೇ ಬೆಂಗಳೂರಿನಲ್ಲಿ, 1837ರಲ್ಲಿ, ಲಂಡನ್ ಮಿಶನ್ನಿನ ಬೋಧಕರೊಬ್ಬರ ಮಗನಾಗಿ. ತುಮಕೂರು ಜಿಲ್ಲೆಯ ಶಾಸನಗಳನ್ನು ಅವರು 'ಎಪಿಗ್ರಾಫಿಯ ಕರ್ನಾಟಿಕ'ದ ಹನ್ನೆರಡನೆಯ ಸಂಪುಟವಾಗಿ 1904ರಲ್ಲಿ ಪ್ರಕಟಿಸಿದರು. ನಮ್ಮ ಪಾಳೆಯಗಾರರ ವಂಶಾವಳಿಗಳನ್ನು ಕಲ್ಲಿನಿಂದ ಕಾಗದಕ್ಕೆ ಇಳಿಸಿದವರು ಇಂಗ್ಲಿಷ್ ಮನೆತನದವರು; ಅವರ ಜನರ ವಂಶಾವಳಿಯನ್ನು ಹುಡುಕಿಕೊಡುವ ಕೆಲಸ ಈಗ ನಮ್ಮ ಪಾಲಿಗೆ ಬಂದಿದೆ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಬಿಳಿಯರೆಲ್ಲರನ್ನೂ 'ಇಂಗ್ಲಿಷ್ ದೊರೆ' ಎನ್ನುವುದು ನಮ್ಮವರ ರೂಢಿ. ಮೇಲೆ ಹೇಳಿದ ಬುಕಾನನ್ ಸ್ಕಾಟ್ಲೆಂಡಿನವನು, ಡಾಬ್ಸ್ ಐರ್ಲೆಂಡಿನವನು. ಕಥೋಲಿಕ ಕುಟುಂಬವೊಂದರ ಮೂಲಪುರುಷನಾದರೆ ಅವನು ಐರಿಷ್ ಸಿಪಾಯಿಯಾಗಿದ್ದಿರುವ ಸಂಭವವೇ ಹೆಚ್ಚು. ಬೆಂಗಳೂರಿನ ದಂಡುಪ್ರದೇಶದಲ್ಲಿ 1840ರ ದಶಕದಲ್ಲಿ ಎದ್ದ ದೇವಾಲಯಕ್ಕೆ ಸಂತ ಪ್ಯಾಟ್ರಿಕರ ಹೆಸರು ಬಂದದ್ದು ಸುಮ್ಮನೆ ಅಲ್ಲ.

ಈಗ ತಾಯಂದಿರ ವಿಷಯಕ್ಕೆ ಬರೋಣ. ಜೇಮ್ಸ್ ಸ್ಕರ್ರಿ ಎಂಬ ಇಂಗ್ಲಿಷ್ ಹುಡುಗನೊಬ್ಬನನ್ನು ಫ್ರೆಂಚರು ಸಮುದ್ರದಲ್ಲಿ ಸೆರೆಹಿಡಿದು ಹೈದರನಿಗೆ ಒಪ್ಪಿಸಿದರು. ಹತ್ತು ವರ್ಷ ಮೈಸೂರು ಸೀಮೆಯಲ್ಲಿ ಸೆರೆಯಾಳಾಗಿದ್ದು, ಇಲ್ಲಿನ ಉಡುಪು, ಇಲ್ಲಿನ ಊಟ, ಇಲ್ಲಿನ ಮಾತು ಎಲ್ಲವೂ ಅವನಿಗೆ ಅಭ್ಯಾಸವಾದವು. ಸೆರೆಯಲ್ಲಿಯೇ ಅವನಿಗೆ ಒಬ್ಬ ಹೆಣ್ಣನ್ನು ಕೊಟ್ಟು ಮದುವೆ ಮಾಡಿದರು, ಮಕ್ಕಳಾದರು. ಮೂರನೆಯ ಮೈಸೂರು ಯುದ್ಧದ ಗೊಂದಲದಲ್ಲಿ ಅವನು ತಪ್ಪಿಸಿಕೊಂಡು ತನ್ನ ಜನರನ್ನು ಸೇರಿ, ಇಂಗ್ಲೆಂಡಿಗೆ ಮರಳಿ, 1822ರಲ್ಲಿ ಅಲ್ಲಿಯೇ ತೀರಿಕೊಂಡನು. ಅವನ ಆತ್ಮಕಥನ 1824ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಹೆಂಡತಿ ಮಕ್ಕಳು ಮೈಸೂರು ಸೀಮೆಯಲ್ಲಿಯೇ ಉಳಿದರು. ಸ್ಕರ್ರಿಯ ಸಂಕಟ ನಿಜವಾದದ್ದೇ; ಅದನ್ನು ನಾವು ಹಗುರಾಗಿ ಕಾಣುವುದಿಲ್ಲ. ಆದರೆ ಪುಸ್ತಕ ಬರೆದವನ ಸಂಕಟ ಇನ್ನೂರು ವರ್ಷಗಳ ನಂತರವೂ ಓದುವವರ ಕೈಯಲ್ಲಿದೆ. ಹಿಂದೆ ಉಳಿದವರದು ಹಾಗಲ್ಲ.

ಈಸ್ಟ್ ಇಂಡಿಯ ಕಂಪನಿಯ ನೀತಿಯೂ ಈ ತಾಯಂದಿರ ವಿಷಯದಲ್ಲಿ ಒಂದೇ ಸಮನಾಗಿರಲಿಲ್ಲ. ಮೊಗಲರು ಶಿರಾವನ್ನು ಹಿಡಿದು ಸುಬೆಯ ರಾಜಧಾನಿಯನ್ನಾಗಿ ಮಾಡಿದ 1687ರಲ್ಲಿಯೇ ಕಂಪನಿಯ ನಿರ್ದೇಶಕರು ಮದ್ರಾಸಿಗೆ ಒಂದು ಪತ್ರ ಬರೆದರು: ಸಿಪಾಯಿಗಳು ಇಲ್ಲಿನ ಸ್ತ್ರೀಯರನ್ನು ಮದುವೆಯಾಗುವುದನ್ನು ಪ್ರೋತ್ಸಾಹಿಸಬೇಕು, ಹುಟ್ಟಿದ ಮಗುವಿಗೆ ಜ್ಞಾನಸ್ನಾನವಾದ ದಿನ ತಾಯಿಗೆ ಒಂದು ವರಾಹವನ್ನು ಕೊಡಬೇಕು ಎಂದು. ನೂರು ವರ್ಷಗಳಲ್ಲಿ ಗಾಳಿ ಬೇರೆ ಕಡೆಗೆ ತಿರುಗಿತು. ಭಾರತೀಯ ತಾಯಿಯ ಮಗನಿಗೆ ಕಂಪನಿಯ ಸಿವಿಲ್, ಸೈನಿಕ, ನೌಕಾ ಸೇವೆಗಳಲ್ಲಿ ಸ್ಥಾನವಿಲ್ಲವೆಂದು 1791ರಲ್ಲಿ ಆಜ್ಞೆಯಾಯಿತು. 1795ರಲ್ಲಿ ತಂದೆ ತಾಯಿ ಇಬ್ಬರೂ ಯೂರೋಪಿಯನ್ನರಲ್ಲದವರು ಸೈನ್ಯದಲ್ಲಿ ಕೊಳಲೂದುವವರು, ಡೋಲು ಬಾರಿಸುವವರು, ಬ್ಯಾಂಡಿನವರು, ಕುದುರೆಗೆ ಲಾಳ ಕಟ್ಟುವವರು ಮಾತ್ರ ಆಗಬಹುದೆಂದು ವಿಧಿಸಲಾಯಿತು. ಆ ಮಕ್ಕಳಿಗೆ ಉಳಿದಿದ್ದ ಕೆಲವು ದಾರಿಗಳಲ್ಲಿ ಭೂಮಾಪನವೂ ಒಂದು. ಮದ್ರಾಸಿನಲ್ಲಿ ಸಿಪಾಯಿಗಳ ಮಕ್ಕಳಿಗಾಗಿದ್ದ ಅನಾಥಾಲಯದಿಂದ ಆರಿಸಿದ ಹುಡುಗರಿಗೆ 1794ರಿಂದ ಸರ್ವೆ ಶಾಲೆಯಲ್ಲಿ ಶಿಕ್ಷಣ ಕೊಡಲಾಗುತ್ತಿತ್ತು. ಲ್ಯಾಂಬ್ಟನ್ನಿನ ಹೆಸರಾಂತ ಸಹಾಯಕ ಜೋಷುವ ಡಿ ಪೆನ್ನಿಂಗ್ ಆ ಶಾಲೆಯ ಹುಡುಗನೇ. ಬೆಟ್ಟದ ಮೇಲೆ ನಿಂತು ದುರ್ಬೀನು ನೋಡಿದ 'ದೊರೆ'ಗಳೆಂದು ನಮ್ಮ ಹಳ್ಳಿಗರು ನೆನಪಿಟ್ಟುಕೊಂಡವರಲ್ಲಿ ಹಲವರು ಇಂತಹ ತಾಯಂದಿರ ಮಕ್ಕಳಾಗಿರಬೇಕು.

ಮುಂದೆ ಈ ಸಮುದಾಯ ತನ್ನ ಕಾಲ ಮೇಲೆ ತಾನು ನಿಲ್ಲಲು ಯತ್ನಿಸಿತು. ಡಿ.ಎಸ್. ವೈಟ್ ಅವರ ಮುಂದಾಳುತನದಲ್ಲಿ, ಚಾಮರಾಜ ಒಡೆಯರು ಕೊಟ್ಟ ಮೂರು ಸಾವಿರ ಎಕರೆಗೂ ಮೀರಿದ ಭೂಮಿಯಲ್ಲಿ 1882ರಲ್ಲಿ ವೈಟ್‌ಫೀಲ್ಡ್ ಹುಟ್ಟಿತು. ಸ್ವತಂತ್ರ ಭಾರತದ ಸಂವಿಧಾನವೂ ಇವರನ್ನು ಗುರುತಿಸಿತು. ಅದರ 366ನೆಯ ಅನುಚ್ಛೇದದ ಪ್ರಕಾರ, ತಂದೆಯ ಕಡೆಯ ಪುರುಷಪರಂಪರೆಯಲ್ಲಿ ಯೂರೋಪಿಯನ್ ಮೂಲದವನೊಬ್ಬನಿದ್ದು, ಭಾರತದಲ್ಲಿಯೇ ನೆಲಸಿದ ತಂದೆ ತಾಯಿಗೆ ಇಲ್ಲಿಯೇ ಹುಟ್ಟಿದವನು ಆಂಗ್ಲೋ-ಇಂಡಿಯನ್. ಲೋಕಸಭೆಗೆ ಇಬ್ಬರನ್ನೂ ವಿಧಾನಸಭೆಗೆ ಒಬ್ಬರನ್ನೂ ನಾಮಕರಣ ಮಾಡುತ್ತಿದ್ದ ಪದ್ಧತಿ 2020ರ ಜನವರಿಯಲ್ಲಿ ಕೊನೆಗೊಂಡಿತು. ವ್ಯಾಖ್ಯೆ ಮಾತ್ರ ಹಾಗೆಯೇ ಇದೆ. ಅದನ್ನು ಇನ್ನೊಮ್ಮೆ ಗಮನಿಸಿ: ಲೆಕ್ಕಕ್ಕೆ ಬರುವುದು ಗಂಡಸರ ಸರಪಳಿ ಮಾತ್ರ. ಮಧುಗಿರಿಯ ಕೇರಿಯಲ್ಲಿ ಹುಟ್ಟಿದ ಮುತ್ತಜ್ಜಿ ಆ ಸರಪಳಿಯ ಕೊಂಡಿಯಲ್ಲ.

ಧರ್ಮಸಭೆಯ ಕಾನೂನು ಬೇರೆ ರೀತಿಯಲ್ಲಿ ನಡೆಯುತ್ತದೆ. ಜ್ಞಾನಸ್ನಾನದ ದಾಖಲೆಯಲ್ಲಿ ತಂದೆ ತಾಯಿ ಇಬ್ಬರ ಹೆಸರನ್ನೂ, ಜ್ಞಾನತಂದೆ ಜ್ಞಾನತಾಯಿಯರ ಹೆಸರನ್ನೂ ಬರೆಯಬೇಕು. ಮದುವೆಯಿಲ್ಲದೆ ಹುಟ್ಟಿದ ಮಗುವಾದರೆ, ತಾಯ್ತನವು ಊರಿಗೆಲ್ಲ ತಿಳಿದದ್ದಾಗಿದ್ದರೆ ಅಥವಾ ತಾಯಿಯೇ ಕೇಳಿಕೊಂಡರೆ ಅವಳ ಹೆಸರನ್ನು ಬರೆಯಲೇಬೇಕು. ತಂದೆಯ ಹೆಸರನ್ನು ಬರೆಯಬೇಕಾದರೆ ಸಾರ್ವಜನಿಕ ದಾಖಲೆ ಬೇಕು, ಇಲ್ಲವೇ ಅವನೇ ಗುರುಗಳ ಮತ್ತು ಇಬ್ಬರು ಸಾಕ್ಷಿಗಳ ಮುಂದೆ ಒಪ್ಪಿಕೊಳ್ಳಬೇಕು. 1983ರ ಕಾನೂನು ಸಂಹಿತೆಯ 877ನೆಯ ವಿಧಿ ಹೇಳುವುದು ಇದನ್ನು. ಸರ್ಕಾರದ ವ್ಯಾಖ್ಯೆಯಲ್ಲಿ ತಂದೆ ಖಚಿತ, ತಾಯಿ ನಗಣ್ಯ. ನಮ್ಮ ಪುಸ್ತಕದಲ್ಲಿ ತಾಯಿ ಖಚಿತ, ತಂದೆ ತನ್ನನ್ನು ತಾನು ರುಜುವಾತುಪಡಿಸಿಕೊಳ್ಳಬೇಕಾದವನು. ವಂಶವನ್ನು ಹುಡುಕುವ ಕಥೋಲಿಕರು ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಟರೆ ಅರ್ಧ ಕೆಲಸ ಮುಗಿದಂತೆ.

ಹುಡುಕುವುದು ಎಲ್ಲಿ? ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಅಲ್ಲ. ಮಗು ಇಲ್ಲಿ ಹುಟ್ಟಿದ್ದರೂ ಜ್ಞಾನಸ್ನಾನಕ್ಕೆ ಬೆಂಗಳೂರಿಗೋ ಇನ್ನೊಂದು ದಂಡಿನ ಊರಿಗೋ ಕರೆದೊಯ್ಯುತ್ತಿದ್ದ ಕಾಲ ಅದು. ಕಂಪನಿಯ ಆಂಗ್ಲಿಕನ್ ಚಾಪ್ಲೇನರು ಜ್ಞಾನಸ್ನಾನ, ಮದುವೆ, ಸಮಾಧಿಗಳ ನಕಲನ್ನು ಮದ್ರಾಸಿಗೆ ಕಳುಹಿಸುತ್ತಿದ್ದರು; ಅಲ್ಲಿಂದ ಅವು ಲಂಡನ್ನಿಗೆ ಹೋಗುತ್ತಿದ್ದವು. 1698ರಿಂದ ಆರಂಭವಾಗುವ ಮದ್ರಾಸಿನ ಈ ಸರಣಿ ಈಗ ಬ್ರಿಟಿಷ್ ಗ್ರಂಥಾಲಯದಲ್ಲಿದೆ, ಅದರ ಸೂಚಿ ಮನೆಯ ಗಣಕಯಂತ್ರದಲ್ಲಿಯೂ ಸಿಗುತ್ತದೆ. ಬ್ರಿಟಿಷ್ ಭಾರತದ ಕುಟುಂಬಗಳ ಶೋಧನೆಗಾಗಿಯೇ 1998ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಸಂಘವೊಂದು ಹೆಸರುಗಳ ಪಟ್ಟಿಯನ್ನು ಯಾರು ಬೇಕಾದರೂ ನೋಡುವಂತೆ ತೆರೆದಿಟ್ಟಿದೆ. ಆದರೆ ಕಥೋಲಿಕ ಗುರುಗಳ ದಾಖಲೆಗಳು ಅಷ್ಟು ಪೂರ್ಣವಾಗಿ ಲಂಡನ್ನಿಗೆ ತಲುಪಿಲ್ಲ. ನಮ್ಮ ಹಳೆಯ ದೇವಾಲಯಗಳ ಕಪಾಟಿನಲ್ಲಿರುವ ಪುಸ್ತಕವೇ ಎಷ್ಟೋ ಕುಟುಂಬಗಳಿಗೆ ಏಕೈಕ ಸಾಕ್ಷಿ. ಅದನ್ನು ಗೆದ್ದಲು ತಿಂದರೆ ಆ ತಾಯಿ ಎರಡನೆಯ ಸಲ ಸತ್ತಂತೆ.

ಹುಡುಕುವವರು ಹೆಸರುಗಳ ವೇಷವನ್ನು ತಿಳಿದಿರಬೇಕು. ಹಳೆಯ ಇಂಗ್ಲಿಷ್ ಕಾಗದಗಳಲ್ಲಿ ಮಧುಗಿರಿಯನ್ನು ಹುಡುಕಿದರೆ ಸಿಗದು, 'ಮದ್ದಗಿರಿ'ಯನ್ನು ಹುಡುಕಬೇಕು. ಶಿರಾ ಅಲ್ಲಿ 'ಸೇರ' ಆಗಿರಬಹುದು. ಮೈಸೂರು ಸೀಮೆಯ ಪುಸ್ತಕಗಳನ್ನು ಬರೆದವರು ಬಹುಮಟ್ಟಿಗೆ ಪ್ಯಾರಿಸ್ ವಿದೇಶ ಮಿಶನ್ ಸಂಸ್ಥೆಯ ಫ್ರೆಂಚ್ ಗುರುಗಳು. ಶ್ರೀರಂಗಪಟ್ಟಣದ ಪತನದ ನಂತರ ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಿದ ದುಬುವಾ ಸ್ವಾಮಿಗಳೂ ಆ ಸಂಸ್ಥೆಯವರೇ. ಅವರು ಲತೀನಿನಲ್ಲಿ ಬರೆಯುತ್ತಿದ್ದರು. ವಿಲಿಯಂ ಅಲ್ಲಿ ಗುಲಿಯೆಲ್ಮುಸ್, ಜೇಮ್ಸ್ ಅಲ್ಲಿ ಯಾಕೋಬುಸ್. ಐರಿಷ್ ಉಪನಾಮವೊಂದು ಫ್ರೆಂಚ್ ಕಿವಿಯ ಮೂಲಕ ಲತೀನಿಗೆ ಇಳಿದು, ಮುಂದೆ ತಮಿಳು ಉಪದೇಶಿಯ ನಾಲಿಗೆಯಲ್ಲಿ ಹೊರಳಿ ಬಂದರೆ ಅದನ್ನು ಗುರುತಿಸಲು ಸ್ವತಃ ಅದರ ಒಡೆಯನೂ ತಡಬಡಾಯಿಸಿಯಾನು. 'ಇಗ್ನೋತುಸ್' ಎಂಬ ಮಾತು ಕಂಡರೆ 'ತಿಳಿಯದವನು' ಎಂದರ್ಥ. ಅದನ್ನು ಮನೆತನದ ಹೆಸರೆಂದು ತಿಳಿದುಕೊಳ್ಳಬಾರದು.

ಈ ತಾಲ್ಲೂಕುಗಳ ಒಂದು ಕುಟುಂಬದ ವಿಚಾರವನ್ನು, ಗುರುತು ಸಿಗದಂತೆ, ಇಲ್ಲಿ ಹೇಳಬಹುದು. ತಮ್ಮ ಮೂಲಪುರುಷ ಸರ್ವೆ ದೊರೆಯೆಂದು ಆ ಮನೆಯಲ್ಲಿ ನಾಲ್ಕು ತಲೆಮಾರಿನಿಂದ ನಂಬಿಕೆಯಿತ್ತು. ಬೆಂಗಳೂರಿನಲ್ಲಿ ಓದಿದ ಮಗಳು ಹುಡುಕಬೇಕೆಂದು ಹಟ ಹಿಡಿದಳು. ಎಂಬತ್ತು ದಾಟಿದ ಸೋದರತ್ತೆ ನಮ್ಮನ್ನು ಪಕ್ಕಕ್ಕೆ ಕರೆದು, "ಸತ್ತೋರ ಮಾನ ತೆಗೀಬೇಡಿ ಫಾದರ್, ಆಕೆಗೆ ಮದುವೆ ಆಗಿತ್ತೋ ಇಲ್ವೋ ಯಾರಿಗ್ಗೊತ್ತು?" ಎಂದರು. ಹಿರಿಯರು ಸ್ತ್ರೀಮೂಲವನ್ನು ಹುಡುಕಬೇಡಿ ಎಂದಿದ್ದರ ಹಿಂದೆ ಇರುವುದು ಇದೇ ಭಯ. ಇದನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ; ಕೊಟ್ಟು ತರುವ ಮನೆಗಳಲ್ಲಿ ಇಂದಿಗೂ ಇಂತಹ ಮಾತು ಏಟು ಕೊಡುತ್ತದೆ.

ಆ ಹಿರಿಯರಿಗೆ ನಾವು ಹೇಳಿದ್ದು ಎರಡು ಮಾತು. ಒಂದು, ಸಂತ ಥಾಮಸ್ ಅಕ್ವಿನಾಸರದು. ಗುರುಮಠದಲ್ಲಿ ಅದನ್ನು ಓದಿದಾಗ ಅದು ಬರಿಯ ತರ್ಕದ ಎಳೆಯೆಂದು ತೋರುತ್ತದೆ: ಮನುಷ್ಯನೊಬ್ಬ ತಂದೆಯಾಗುವುದು ತಾನು ಮನುಷ್ಯನಾಗಿರುವ ಕಾರಣದಿಂದ, ಇನ್ನೊಬ್ಬನ ಮಗನಾಗಿರುವ ಕಾರಣದಿಂದಲ್ಲ ಎಂದು ಅವರು ವಾದಿಸುತ್ತಾರೆ. ಎಂದರೆ ಸರಪಳಿಯ ಒಂದೊಂದು ಕೊಂಡಿಯೂ ತನ್ನ ಮನುಷ್ಯತ್ವವನ್ನು ಪೂರ್ಣವಾಗಿ ಹೊಂದಿದೆ. ಹಿಂದಿನ ಕೊಂಡಿಯ ಹೊಳಪಾಗಲಿ ತುಕ್ಕಾಗಲಿ ಅದನ್ನು ಹೆಚ್ಚಿಸುವುದಿಲ್ಲ, ಕುಗ್ಗಿಸುವುದೂ ಇಲ್ಲ. ದೊರೆಯ ಮೊಮ್ಮಗನೆಂಬ ಹೆಮ್ಮೆಗೂ, ತಾಯಿಗೆ ಮದುವೆಯಾಗಿತ್ತೋ ಇಲ್ಲವೋ ಎಂಬ ನಾಚಿಕೆಗೂ ಉತ್ತರ ಅದೊಂದೇ. ಇನ್ನೊಂದು, ಸಂತ ಮತ್ತಾಯರು ಬರೆದ ಯೇಸುಸ್ವಾಮಿಯ ವಂಶಾವಳಿ. ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನನದ ಹಬ್ಬದಲ್ಲಿ, ಅದನ್ನು ಪೂಜೆಯಲ್ಲಿ ಓದುವಾಗ ಹೆಸರುಗಳ ಸಾಲಿಗೆ ಬೇಸತ್ತು ಕೆಲವರು ಆಕಳಿಸುವುದನ್ನು ನಾವು ಬಲಿಪೀಠದಿಂದ ನೋಡಿದ್ದೇವೆ. ಆ ಸಾಲಿನಲ್ಲಿ ಮರಿಯಮ್ಮನವರಿಗೆ ಮುಂಚೆ ನಾಲ್ವರು ಸ್ತ್ರೀಯರಿದ್ದಾರೆ. ತಾಮಾರ್, ರಾಹಾಬ್, ರೂತ್, ಇವರ ಹೆಸರಿದೆ. ನಾಲ್ಕನೆಯವಳು ಕೇವಲ 'ಊರೀಯನ ಹೆಂಡತಿ'. ನಾಲ್ವರ ಬದುಕಿನಲ್ಲೂ ಊರವರ ಬಾಯಿಗೆ ಬೀಳುವಂತಹುದು ಏನಾದರೊಂದು ಇತ್ತು. ಸಂತ ಮತ್ತಾಯರು ಮುಚ್ಚಿಡಬೇಕೆಂದಿದ್ದರೆ ಮುಚ್ಚಿಡಬಹುದಾಗಿತ್ತು.

ಹುಡುಕಿದಾಗ ಸಿಕ್ಕಿದ್ದು ಇಷ್ಟು. ಬೆಂಗಳೂರಿನ ಹಳೆಯ ದೇವಾಲಯವೊಂದರ ಪುಸ್ತಕದಲ್ಲಿ, ಒಂದೂವರೆ ಶತಮಾನಕ್ಕೂ ಹಿಂದಿನ ಜ್ಞಾನಸ್ನಾನದ ನಾಲ್ಕು ಸಾಲು. ತಂದೆ ಸರ್ವೆ ದೊರೆಯಲ್ಲ, ಪಲ್ಟಣದಲ್ಲಿ ಡೋಲು ಬಾರಿಸುವವನು. ತಾಯಿಗೆ ಜ್ಞಾನಸ್ನಾನದ ಹೆಸರು ಮಾತ್ರ ಇದೆ, ಜೊತೆಯಲ್ಲಿ 'ಮದ್ದಗಿರಿಯವಳು' ಎಂಬ ಮಾತು. ಅವರ ಮದುವೆಯ ದಾಖಲೆ ಇನ್ನೊಂದು ಪುಸ್ತಕದಲ್ಲಿ, ಮಗು ಹುಟ್ಟಿದ ಮೂರು ವರ್ಷದ ನಂತರದ್ದು. ತಂದೆ ತಾಯಿಯ ಮುಂದಿನ ಮದುವೆಯಿಂದ ಮಗು ನ್ಯಾಯಬದ್ಧವಾಗುತ್ತದೆಂಬುದು ಧರ್ಮಸಭೆಯ ಹಳೆಯ ನಿಯಮ; ಅದನ್ನು ಬಿಡಿಸಿ ಹೇಳಿದಾಗ ಹಿರಿಯರ ಮುಖ ಸ್ವಲ್ಪ ತಿಳಿಯಾಯಿತು. ಆದರೆ ದಾರಿ ತೋರಿಸಿದ್ದು ಆ ಸಾಲಲ್ಲ, ಜ್ಞಾನತಾಯಿಯ ಹೆಸರು. ಅವಳ ಹೆಸರಿನ ಮುಂದೆ ಒಂದು ಹಳ್ಳಿಯ ಹೆಸರಿತ್ತು. ಆ ಹಳ್ಳಿಯ ಕ್ರೈಸ್ತ ಮನೆತನ ಈಗಲೂ ಇದೆ. ಪರಊರಿನ ಒಂಟಿ ಹೆಣ್ಣೊಬ್ಬಳ ಮಗುವನ್ನು ಯಾರು ತೊಡೆಯ ಮೇಲೆ ಹಿಡಿದುಕೊಂಡರೆಂಬುದು, ಆಕೆ ಯಾರ ನೆರಳಿನಲ್ಲಿದ್ದಳು ಎಂಬುದನ್ನು ಹೇಳುತ್ತದೆ. ಡೋಲಿನವನ ವಿಚಾರ ಕೇಳಿ ಮಗಳು ಸ್ವಲ್ಪ ಪೆಚ್ಚಾದಳು. ಸೋದರತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಮದ್ದಗಿರೀಲಿ ಯಾವ ಕೇರಿಯಂತೆ?" ಅದನ್ನು ಪುಸ್ತಕ ಹೇಳುವುದಿಲ್ಲ. ನವೆಂಬರಿನಲ್ಲಿ ಆ ತಾಯಿಯ ಹೆಸರಿನಲ್ಲಿ ಒಂದು ಪೂಜೆಯನ್ನು ಅವರು ಬರೆಸಿದರು. ಅವಳ ಹೆಸರನ್ನು ಆ ಕುಟುಂಬ ದೇವಾಲಯದಲ್ಲಿ ಕೇಳಿದ್ದು ಬಹುಶಃ ಅದೇ ಮೊದಲ ಸಲ.

ಜ್ಞಾನಸ್ನಾನ, ಮದುವೆಗಳ ಪುಸ್ತಕಗಳನ್ನು ಇಡುವ ಪದ್ಧತಿಯನ್ನು 1563ರಲ್ಲಿ ತ್ರೆಂತ್ ಮಹಾಸಭೆ ಎಲ್ಲ ಧರ್ಮಕೇಂದ್ರಗಳಿಗೂ ವಿಧಿಸಿತು. ಹಳೆಯ ಪುಸ್ತಕಗಳನ್ನು ಜೋಪಾನ ಮಾಡುವುದು ಇಂದಿನ ಸಂಹಿತೆಯ 535ನೆಯ ವಿಧಿಯ ಪ್ರಕಾರ ಗುರುಗಳ ಕರ್ತವ್ಯ. ಮನೆಯಲ್ಲಿರುವ ಹಳೆಯ ಕಾಗದಗಳನ್ನು ಜೋಪಾನ ಮಾಡುವುದು ನಿಮ್ಮ ಪಾಲಿನದು. ಅವುಗಳನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಬಿಸಿ ಮಾಡಿ ಅಂಟಿಸಬೇಡಿ; ಮಡಿಕೆ ಬಿಡಿಸಿ, ಹತ್ತಿಬಟ್ಟೆಯಲ್ಲಿ ಸುತ್ತಿ, ತೇವ ತಾಗದ ಪೆಟ್ಟಿಗೆಯಲ್ಲಿಡಿ, ಫೋಟೋ ತೆಗೆದು ಒಂದು ಪ್ರತಿಯನ್ನು ಬೇರೆಯವರ ಮನೆಯಲ್ಲಿಡಿ. ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳುವಾಗ ಅಜ್ಜಿಯ ತವರು, ಅವಳ ಅಮ್ಮನ ತವರು, ಅವರನ್ನು ಕರೆಯುತ್ತಿದ್ದ ಅಡ್ಡಹೆಸರು ಇವುಗಳನ್ನು ಮೊದಲು ಬರೆದುಕೊಳ್ಳಿ. ಉಪನಾಮ ಎಲ್ಲಿಗೂ ಓಡಿಹೋಗುವುದಿಲ್ಲ. ಗುರುಗಳಿಗೆ ಬರೆಯುವಾಗ ಮಗುವಿನ ಹೆಸರಿನ ಜೊತೆಗೆ ಇಂತಿಷ್ಟು ವರ್ಷಗಳ ಒಳಗೆ ಎಂದು ಐದು ವರ್ಷಗಳ ಅವಧಿಯೊಂದನ್ನು ತಿಳಿಸಿ. "ಬಹಳ ಹಿಂದೆ" ಎಂದು ಬರೆದರೆ ನೂರು ವರ್ಷದ ಪುಟಗಳನ್ನು ತಿರುವಿಹಾಕಲು ಯಾರಿಗೂ ಸಾಧ್ಯವಾಗದು. ಭಾನುವಾರದ ಪೂಜೆಯ ನಂತರ ಪುಸ್ತಕ ತೆಗೆಸಬೇಡಿ, ಡಿಸೆಂಬರಿನಲ್ಲಂತೂ ಕೇಳಲೇಬೇಡಿ. ಜನವರಿಯ ಎರಡನೆಯ ವಾರದಿಂದ ತಪಸ್ಸುಕಾಲದ ಆರಂಭದವರೆಗೆ ನಮಗೆ ಬಿಡುವಿರುತ್ತದೆ.